ಅಜ್ಜಿಯ ವಾಕರ್, ಗಗನಯಾನ ಮತ್ತು ಕೊಬ್ಬರಿ ಲೆಕ್ಕ

ಭಾಗ 1

ಫೋಟೋದಲ್ಲಿ ಇರೋದು ನಮ್ಮಜ್ಜಿಯ ವಾಕರ್. ಹಿಡಿಗೆ ಸುತ್ತಿರೋ ಹಳೇ ಸೀರೆ ಬಟ್ಟೆ ಅವರದ್ದೇ ಐಡಿಯಾ, ಕೈ ಜಾರಬಾರದು ಅಂತ.

ಕಳೆದ ವರ್ಷ ದೀಪಾವಳಿ ಮುಗಿದ ವಾರ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು. ಸೊಂಟದ ಹತ್ರ ಮೂಳೆ ಮುರೀತು. ಆಪರೇಷನ್ ಚೆನ್ನಾಗೇ ಆಯ್ತು. ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿ ಹೇಳಿದ್ದು ಒಂದೇ ಮಾತು: "ಮನೇಲಿ ಚೆನ್ನಾಗಿ ರೆಸ್ಟ್ ಮಾಡ್ಲಿ."

ನಾವು ಅದನ್ನ ವೇದವಾಕ್ಯ ಅಂತ ತಗೊಂಡ್ವಿ. ಅಜ್ಜಿ ಎದ್ದು ಕೂರೋಕೆ ಹೋದ್ರೆ ಅಮ್ಮ ಬೈತಿದ್ರು. ನೋಡೋಕೆ ಬಂದ ನೆಂಟರೆಲ್ಲ "ಏಳಬೇಡಿ ಅಜ್ಜಿ, ಮಲ್ಕೊಳ್ಳಿ" ಅಂತಿದ್ರು. ಊಟ, ನೀರು, ಮಾತ್ರೆ ಎಲ್ಲ ಮಂಚಕ್ಕೇ. ಆರು ವಾರ ಹಾಗೇ ಕಳೀತು. ನಾವು ತುಂಬಾ ಚೆನ್ನಾಗಿ ನೋಡ್ಕೋತಿದ್ದೀವಿ ಅಂತ ನಮಗೆ ಒಳಗೊಳಗೇ ಹೆಮ್ಮೆ ಬೇರೆ.

ಆರು ವಾರ ಆದ್ಮೇಲೆ ನಿಲ್ಲಿಸೋಕೆ ಹೋದ್ರೆ ಅಜ್ಜಿ ಕಾಲು ನಿಲ್ಲಲೇ ಇಲ್ಲ. ಮುರಿದ ಕಾಲಷ್ಟೇ ಅಲ್ಲ, ಇನ್ನೊಂದು ಕಾಲೂ. ತೊಡೆ ಸಣ್ಣ ಆಗಿತ್ತು. ಎದ್ದು ಕೂರಿಸಿದ್ರೆ ತಲೆ ಸುತ್ತು. "ಮಗಾ, ಈ ಕಾಲು ನಂದಲ್ಲ ಅನ್ನಿಸ್ತದೆ ಕಣೋ" ಅಂದ್ರು. ತೋಟಕ್ಕೆ ಹೋಗಿ ತೆಂಗಿನ ಗರಿ ಎಳ್ಕೊಂಡು ಬರ್ತಿದ್ದ ಹೆಂಗಸು.

ಈ ಸರಣಿ ಗಗನಯಾನದ ಬಗ್ಗೆ. ಅಜ್ಜಿಯಿಂದ ಯಾಕೆ ಶುರು ಮಾಡ್ದೆ ಅಂತ ಮುಂದಿನ ಭಾಗದಲ್ಲಿ ಹೇಳ್ತೀನಿ.

ಭಾಗ 2

ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಲ್ಲಿ ಕೂರ್ತಿದ್ದ ಗೆಳತಿ ಈಗ ಎಂಬಿಬಿಎಸ್ ಓದ್ತಿದ್ದಾಳೆ. ನಾನು ಬಿಕಾಂ. ಅಜ್ಜಿ ವಿಷಯ ಅವಳಿಗೆ ಮೆಸೇಜ್ ಮಾಡಿದ್ದೆ. ನಾಲ್ಕು ನಿಮಿಷದ ವಾಯ್ಸ್ ನೋಟ್ ಬಂತು. ಮೊದಲ ವಾಕ್ಯವೇ ಬೈಗುಳ: "ಯಾಕೋ ಮಲಗಿಸಿಟ್ರಿ?" ಆಮೇಲೆ ಅಂದ್ಳು, "ನಿಮ್ಮಜ್ಜಿಗೆ ಆಗಿದ್ದೇ ಗಗನಯಾತ್ರಿಗಳಿಗೂ ಆಗೋದು."

ನಾನು ನಕ್ಕೆ. ಆಮೇಲೆ ಕೂತು ಓದ್ದೆ. ಅವಳು ಹೇಳಿದ್ದು ನಿಜ.

ನಮ್ಮ ಮೂಳೆ, ಸ್ನಾಯು ಎರಡೂ ಜಿಪುಣರು. ಕೆಲಸ ಇಲ್ಲ ಅಂತ ಗೊತ್ತಾದ ತಕ್ಷಣ ಖರ್ಚು ಕಡಿಮೆ ಮಾಡ್ತವೆ. ಬಾಹ್ಯಾಕಾಶದಲ್ಲಿ ದೇಹದ ತೂಕ ಹೊರೋ ಕೆಲಸವೇ ಇಲ್ಲ. ಹಾಗಾಗಿ ಸೊಂಟದಂಥ ಭಾರ ಹೊರೋ ಮೂಳೆಗಳ ಸಾಂದ್ರತೆ, ತಡೆಯೋಕೆ ಏನೂ ಮಾಡದಿದ್ರೆ, ತಿಂಗಳಿಗೆ ಸುಮಾರು ಶೇ. 1ರಿಂದ 1.5ರಷ್ಟು ಇಳಿಯುತ್ತೆ. ಭೂಮಿ ಮೇಲೆ ವಯಸ್ಸಾದವರಿಗೆ ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ಆಗೋ ನಷ್ಟ ಅಲ್ಲಿ ಒಂದೇ ತಿಂಗಳಲ್ಲಿ. ಮೂಳೆಯಿಂದ ಹೊರಬಂದ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗಿ ಕಿಡ್ನಿ ಸ್ಟೋನ್ ಅಪಾಯ. ಕಾಲಲ್ಲಿರಬೇಕಾದ ನೀರು, ರಕ್ತ ಮೇಲಕ್ಕೇರಿ ಮುಖ ಊದ್ಕೊಳ್ಳುತ್ತೆ. ಕೆಲವರಿಗೆ ಕಣ್ಣಿನ ನರದ ಹತ್ರ ಊತ ಬಂದು ದೃಷ್ಟಿ ಬದಲಾಗುತ್ತೆ. ಇದನ್ನೆಲ್ಲ ತಡೆಯೋಕೆ ಅಂತಲೇ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರೋರು ದಿನಕ್ಕೆ ಎರಡು ಗಂಟೆ ಹತ್ರ ವ್ಯಾಯಾಮ ಮಾಡ್ತಾರೆ.

ಇದನ್ನ ಭೂಮಿ ಮೇಲೇ ಅಧ್ಯಯನ ಮಾಡೋ ವಿಧಾನ ಯಾವುದು ಗೊತ್ತಾ? ಆರೋಗ್ಯವಾಗಿರೋ ಸ್ವಯಂಸೇವಕರನ್ನ ಮಂಚದ ಮೇಲೆ ಮಲಗಿಸೋದು. ತಲೆ ಕಡೆ 6 ಡಿಗ್ರಿ ಕೆಳಗೆ, ಕೆಲವೊಮ್ಮೆ 60 ದಿನ. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. ಜರ್ಮನಿಯ ಕಲೋನ್‌ನಲ್ಲಿ, ಫ್ರಾನ್ಸ್‌ನ ಟೂಲೂಸ್‌ನಲ್ಲಿ ಇದಕ್ಕೆ ದುಡ್ಡು ಕೊಟ್ಟು ಜನರನ್ನ ಕರೀತಾರೆ.

ನಾವು ಅದೇ ಪ್ರಯೋಗವನ್ನ ಅಜ್ಜಿ ಮೇಲೆ ಪುಕ್ಕಟೆ ಮಾಡಿದ್ವಿ. ಯಾರೂ ಅಳತೆ ತಗೊಳ್ಳಲಿಲ್ಲ, ಅಷ್ಟೇ.

ಭಾಗ 3

ಇದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಬಸ್ ಕಿಟಕಿಯಿಂದ ತೆಗೆದ ಫೋಟೋ. ರಸ್ತೆ, ಮರ, ಬಸ್ ಸ್ಟಾಪ್ ಮಾತ್ರ ಇದೆ. ಕಾಂಪೌಂಡ್ ಫೋಟೋ ತೆಗೆಯೋ ಹಾಗಿಲ್ಲ, ಅದು ವಾಯುಪಡೆ ಜಾಗ.

ಎಚ್‌ಎಎಲ್ ಹತ್ರದ ವಿಮಾನಪುರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದದ್ದು. ಹಾರೋ ಮನುಷ್ಯನ ದೇಹಕ್ಕೆ ಏನಾಗುತ್ತೆ ಅನ್ನೋದನ್ನ ಓದಿಸೋ, ಸಂಶೋಧನೆ ಮಾಡೋ ಜಾಗ. ಯುದ್ಧವಿಮಾನ ತಿರುಗುವಾಗ ಪೈಲಟ್ ತಲೆಯಿಂದ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತಲ್ಲ, ಅದನ್ನ ಅಭ್ಯಾಸ ಮಾಡಿಸೋಕೆ ಮನುಷ್ಯರನ್ನೇ ಕೂರಿಸಿ ಗಿರಗಿರ ತಿರುಗಿಸೋ ದೊಡ್ಡ ಸೆಂಟ್ರಿಫ್ಯೂಜ್ ಅಲ್ಲಿದೆ.

1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹೊರಟ ರಾಕೇಶ್ ಶರ್ಮಾ, ಅವರಿಗೆ ಬದಲಿಯಾಗಿ ಸಿದ್ಧವಾಗಿದ್ದ ರವೀಶ್ ಮಲ್ಹೋತ್ರಾ ಇಬ್ಬರ ದೇಹಪರೀಕ್ಷೆ ಆಗಿದ್ದು ಇಲ್ಲೇ. ಗಗನಯಾನಕ್ಕೆ ಪೈಲಟ್‌ಗಳನ್ನ ಸೋಸಿ ನಾಲ್ಕು ಜನಕ್ಕೆ ಇಳಿಸಿದ ವೈದ್ಯಕೀಯ ಪರೀಕ್ಷೆಗಳೂ ಇಲ್ಲೇ. ಆ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹೊರಟು ಜುಲೈ 15ಕ್ಕೆ ವಾಪಸ್ ಬಂದ್ರು. ಕ್ಯಾಪ್ಸೂಲ್‌ನಿಂದ ಹೊರಗೆ ಬಂದಾಗ ಅವರನ್ನ ಅಕ್ಕಪಕ್ಕ ಹಿಡ್ಕೊಂಡಿದ್ದ ದೃಶ್ಯ ನೆನಪಿದೆಯಾ? ಇಪ್ಪತ್ತು ದಿನಕ್ಕೆ ಅಷ್ಟು.

ಇಲ್ಲಿ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂಡಿ ಇದೆ. ಡಿಗ್ರಿ ಕೊಡೋದು ನಮ್ಮದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅಂದ್ರೆ ತುಮಕೂರು, ಹಾಸನ, ಮಂಡ್ಯದ ಮೆಡಿಕಲ್ ಕಾಲೇಜುಗಳ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಹೆಸರಿದೆಯೋ ಅದೇ ಹೆಸರು. ಆದ್ರೆ ಅಲ್ಲಿ ಓದೋರು ಹೆಚ್ಚಾಗಿ ಸೇನಾ ವೈದ್ಯರೇ. ಅದು ತಪ್ಪಲ್ಲ, ಆ ಸಂಸ್ಥೆ ಹುಟ್ಟಿದ್ದೇ ಅದಕ್ಕೆ. ನನ್ನ ತಕರಾರು ಬೇರೆ.

ನನ್ನ ಗೆಳತಿ ತನ್ನ ಕಾಲೇಜಲ್ಲಿ ಒಬ್ಬ ಮೇಷ್ಟ್ರನ್ನ ಕೇಳಿದ್ಳಂತೆ, "ಸಾರ್, ಇದನ್ನ ನಾವೂ ಓದಬಹುದಾ?" ಅವರು ನಕ್ಕು "ಮೊದಲು ಜ್ವರಕ್ಕೆ ಔಷಧಿ ಬರೆಯೋದು ಕಲೀಮ್ಮ" ಅಂದ್ರಂತೆ. ಕ್ಲಾಸೆಲ್ಲ ನಕ್ತು.

ಭಾಗ 4

ಈಗ ನಮ್ಮ ಕ್ಯಾಂಟೀನ್. ಟೀ ಗ್ಲಾಸ್ ಫೋಟೋ ಸಾಕ್ಷಿ.

ಈ ವಿಷಯ ಎತ್ತಿದ ತಕ್ಷಣ ನಮ್ಮ ಕ್ಲಾಸಿನ ಒಬ್ಬ ಹೇಳಿದ: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಮ್ಮೂರ ಪಿಎಚ್‌ಸಿಯಲ್ಲಿ ಸಂಜೆ ಮೇಲೆ ಡಾಕ್ಟರ್ ಇರಲ್ಲ. ನಿನಗೆ ಆಕಾಶದಲ್ಲಿ ಡಾಕ್ಟರ್ ಬೇಕಾ?"

ಅವನಿಗೆ ಕಾಮೆಂಟ್‌ನಲ್ಲಿ ಬೈಯಬೇಡಿ. ಅವನ ಪ್ರಶ್ನೆ ಸರಿಯಾಗಿದೆ. ಒಂದು ವರ್ಷದ ಹಿಂದೆ ನಾನೂ ಅದನ್ನೇ ಹೇಳ್ತಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಗಗನಯಾನ ಕಾರ್ಯಕ್ರಮದ ಒಟ್ಟು ವೆಚ್ಚವನ್ನ 20,193 ಕೋಟಿ ರೂಪಾಯಿಗೆ ಏರಿಸಿತು. ಅದರಲ್ಲಿ ನಮ್ಮದೇ ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವೂ ಸೇರಿದೆ. ಆದ್ರೂ ದೊಡ್ಡ ಮೊತ್ತ. ಆಪರ್ಚುನಿಟಿ ಕಾಸ್ಟ್ ಅಂತ ಫಸ್ಟ್ ಸೆಮ್‌ನಲ್ಲೇ ಓದಿದ್ದೀವಿ. ಒಂದು ಕಡೆ ಹಾಕಿದ ದುಡ್ಡು ಇನ್ನೊಂದು ಕಡೆ ಇರಲ್ಲ.

ಇದಕ್ಕೆ ಉತ್ತರವಾಗಿ ಕೆಲವರು ರೀಲ್ಸ್ ಮಾಡ್ತಾರೆ: ಬಾಹ್ಯಾಕಾಶ ಸಂಶೋಧನೆಯಿಂದ ಟೆಫ್ಲಾನ್ ಬಂತು, ವೆಲ್ಕ್ರೋ ಬಂತು, ಟ್ಯಾಂಗ್ ಜ್ಯೂಸ್ ಪುಡಿ ಬಂತು ಅಂತ. ಮೂರೂ ಸುಳ್ಳು. ಮೂರನ್ನೂ ಬೇರೆಯವರು ಮೊದಲೇ ಕಂಡುಹಿಡಿದಿದ್ರು, ನಾಸಾ ಬಳಸಿದ್ದಷ್ಟೇ. ಒಳ್ಳೇ ವಿಷಯಕ್ಕೆ ಸುಳ್ಳು ಲೆಕ್ಕ ತೋರಿಸಿದ್ರೆ ಆಡಿಟ್‌ನಲ್ಲಿ ಸಿಕ್ಕಿಬೀಳೋದು ಗ್ಯಾರಂಟಿ.

ಇನ್ನೂ ಗಟ್ಟಿ ಪ್ರಶ್ನೆ ಒಂದಿದೆ. ಅಜ್ಜಿಯ ಮೂಳೆ ಬಗ್ಗೆ ತಿಳ್ಕೋಬೇಕು ಅಂದ್ರೆ ಅಜ್ಜಿಯ ಮೂಳೆ ಮೇಲೇ ಸಂಶೋಧನೆ ಮಾಡಿ. ಸುತ್ತಿ ಬಳಸಿ ಆಕಾಶಕ್ಕೆ ಹೋಗಿ ಯಾಕೆ ಬರಬೇಕು? ಇದಕ್ಕೆ ಉತ್ತರ ಕೊಡೋಕೆ ನಮ್ಮೂರ ಕೊಬ್ಬರಿ ಬೇಕು.

ಭಾಗ 5

ನಾನು ತಿಪಟೂರು ಕಡೆಯವನು. ಫೋಟೋದಲ್ಲಿರೋದು ನಮ್ಮ ಅಟ್ಟ.

ತೆಂಗಿನಕಾಯಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೀತಾರೆ. ಮುಖ್ಯ ಮಾಲು ಕೊಬ್ಬರಿ. ಜೊತೆಗೆ ಮಟ್ಟೆ ಬರುತ್ತೆ, ಚಿಪ್ಪು ಬರುತ್ತೆ. ಮಟ್ಟೆಯಿಂದ ನಾರು, ಚಿಪ್ಪಿನಿಂದ ಇದ್ದಿಲು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಇದಕ್ಕೆ ಬೈ ಪ್ರಾಡಕ್ಟ್ ಅಂತಾರೆ.

ಎರಡು ಮಾತು ಇಲ್ಲಿಂದ ಕಲೀಬಹುದು.

ಒಂದು: ಚಿಪ್ಪಿಗೋಸ್ಕರ ಯಾರೂ ತೆಂಗಿನ ತೋಟ ಹಾಕಲ್ಲ. ಹಾಗೇ ಅಜ್ಜಿಯ ಮೂಳೆಗೋಸ್ಕರ ಗಗನಯಾನ ಮಾಡ್ತಿಲ್ಲ. 20,193 ಕೋಟಿಯನ್ನ ಆಸ್ಪತ್ರೆ ಲಾಭದ ಹೆಸರಲ್ಲಿ ಸಮರ್ಥನೆ ಮಾಡೋಕೆ ಹೋಗಬೇಡಿ. ಅದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದನ್ನ ಅದರ ಮುಖ್ಯ ಉದ್ದೇಶದ ಮೇಲೇ ಅಳೀಬೇಕು.

ಎರಡು: ಕೊಬ್ಬರಿ ತೆಗೆದಾದ ಮೇಲೆ ಚಿಪ್ಪನ್ನ ತಿಪ್ಪೆಗೆ ಎಸೆಯೋನು ದಡ್ಡ. ತೋಟದ ಖರ್ಚು ಆಗಲೇ ಆಗಿದೆ. ಚಿಪ್ಪು ಆರಿಸಿ ಭಟ್ಟಿಗೆ ಕಳಿಸೋ ಖರ್ಚು ಮಾತ್ರ ಹೊಸದು. ಲೆಕ್ಕ ಹಾಕಬೇಕಾದ್ದು ಅದನ್ನ.

ಬಾಹ್ಯಾಕಾಶ ವೈದ್ಯಕೀಯ ನಮ್ಮ ಚಿಪ್ಪು. ಅದರ ಬೆಲೆ ಎಲ್ಲಿದೆ ಅಂದ್ರೆ, ವಯಸ್ಸಾದವರಲ್ಲಿ ಮೂಳೆ ಸವೆಯುವಾಗ ಅದರ ಜೊತೆ ಶುಗರ್, ಬಿಪಿ, ಪೌಷ್ಟಿಕತೆ ಕೊರತೆ, ಹತ್ತಾರು ಮಾತ್ರೆ ಎಲ್ಲ ಬೆರೆತಿರುತ್ತೆ. ಯಾವುದು ಯಾವುದರಿಂದ ಆಯ್ತು ಅಂತ ಬಿಡಿಸೋದು ಕಷ್ಟ. ಗಗನಯಾತ್ರಿ ಪೂರ್ತಿ ಆರೋಗ್ಯವಂತ. ಹೋಗೋ ಮುಂಚೆ ಅಳತೆ ಇದೆ, ಅಲ್ಲಿದ್ದಾಗ ಇದೆ, ಬಂದ ಮೇಲೂ ಇದೆ. ಆರಂಭಿಕ ಶಿಲ್ಕು, ಅಂತಿಮ ಶಿಲ್ಕು ಎರಡೂ ಸರಿಯಾಗಿರೋ ಲೆಕ್ಕದ ಪುಸ್ತಕ ಅದು. ನಮ್ಮಜ್ಜಿ ಪುಸ್ತಕದಲ್ಲಿ ಅರ್ಧ ಹಾಳೆ ಹರಿದಿವೆ.

ಹಾಗಂತ ಎರಡೂ ಒಂದೇ ಅಲ್ಲ. ಗಗನಯಾತ್ರಿ ಬಹುಮಟ್ಟಿಗೆ ಚೇತರಿಸ್ಕೊಳ್ತಾರೆ. ಎಪ್ಪತ್ತೆರಡರ ಅಜ್ಜಿ ಹಾಗಲ್ಲ. ಆದ್ದರಿಂದ ಒಂದು ಪುಸ್ತಕದ ಪಕ್ಕ ಇನ್ನೊಂದನ್ನ ಇಟ್ಟು ಓದೋರು ಬೇಕು. ಅವರು ಎಲ್ಲಿ ತಯಾರಾಗಬೇಕು? ಮೆಡಿಕಲ್ ಕಾಲೇಜಲ್ಲಿ.

ಅಂದ ಹಾಗೆ ಇದರಲ್ಲಿ ಕರ್ನಾಟಕದ ಪಾಲು ಈಗಾಗಲೇ ಇದೆ. ಶುಕ್ಲಾ ನಿಲ್ದಾಣದಲ್ಲಿ ಮಾಡಿದ ಪ್ರಯೋಗಗಳಲ್ಲಿ ಸ್ನಾಯುಕೋಶಗಳದ್ದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದ್ದು. ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯ ಹೋಗಿದ್ದು ಧಾರವಾಡದಿಂದ, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು.

ಭಾಗ 6

ಪಿಎಚ್‌ಸಿ ಪ್ರಶ್ನೆ ಕೇಳಿದ ಆ ಗೆಳೆಯನಿಗೆ ಈ ಭಾಗ.

2020ರ ಜನವರಿಯಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣ ಪ್ರಕಟ ಆಯ್ತು. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಎರಡು ತಿಂಗಳಾಗಿದ್ದ ಒಬ್ಬ ಗಗನಯಾತ್ರಿಯ ಕತ್ತಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನೋವಿಲ್ಲ, ಏನೂ ಇಲ್ಲ. ಸಂಶೋಧನೆಗೆ ಅಂತ ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಅಕಸ್ಮಾತ್ ಕಾಣಿಸ್ತು. ಹೆಸರು ಹೇಳಿಲ್ಲ, ರೋಗಿಯ ಖಾಸಗಿತನ.

ಈಗ ಯೋಚನೆ ಮಾಡಿ. 400 ಕಿ.ಮೀ. ಮೇಲೆ. ತಜ್ಞರಿಲ್ಲ. ಔಷಧಿ ಡಬ್ಬದಲ್ಲಿ ರಕ್ತ ತೆಳು ಮಾಡೋ ಇಂಜೆಕ್ಷನ್ ಲೆಕ್ಕದಷ್ಟೇ ಇತ್ತು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ರಕ್ತತಜ್ಞ ಸ್ಟೀಫನ್ ಮೋಲ್ ಅವರನ್ನ ನಾಸಾ ಕೇಳಿತು. ಇದ್ದ ಔಷಧಿಯನ್ನ ಎಷ್ಟು ದಿನಕ್ಕೆ ಹೇಗೆ ಹಂಚೋದು ಅಂತ ಲೆಕ್ಕ ಹಾಕಿದ್ರು. ಸರಕು ನೌಕೆಯಲ್ಲಿ ಮಾತ್ರೆ ಬರೋವರೆಗೂ ಅದರಲ್ಲೇ ದೂಡಿದ್ರು. ಗಗನಯಾತ್ರಿ ತನ್ನ ಕತ್ತಿಗೆ ತಾನೇ ಸ್ಕ್ಯಾನ್ ಮಾಡ್ಕೋತಿದ್ರು, ಕೈ ಎಲ್ಲಿಡಬೇಕು ಅಂತ ಭೂಮಿಯಿಂದ ರೇಡಿಯಾಲಜಿಸ್ಟ್ ಹೇಳ್ತಿದ್ರು.

ತಜ್ಞರು ದೂರ. ಸ್ಟಾಕ್ ಕಡಿಮೆ. ಕೈಗೆ ಸಿಕ್ಕವರೇ ಪರೀಕ್ಷೆ ಮಾಡಬೇಕು. ಮುಂದಿನ ಗಾಡಿ ಯಾವಾಗ ಬರುತ್ತೋ ಅಲ್ಲೀವರೆಗೂ ಇದ್ದಿದ್ದರಲ್ಲಿ ನಡೆಸಬೇಕು. ಇದು ಬಾಹ್ಯಾಕಾಶ ನಿಲ್ದಾಣವೋ ಮಲೆನಾಡಿನ ಪಿಎಚ್‌ಸಿಯೋ?

ಇಂಥ ಕೊಂಡಿ ಹಿಂದೆಯೂ ಆಗಿದೆ. 1970ರ ದಶಕದಲ್ಲಿ ನಾಸಾ ಅರಿಜೋನಾದ ಮರುಭೂಮಿಯ ಮೂಲನಿವಾಸಿಗಳ ಹಳ್ಳಿಗಳಲ್ಲಿ ದೂರವೈದ್ಯ ಪ್ರಯೋಗ ಮಾಡಿತು. ನಮ್ಮಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆ, ಎಚ್.ಡಿ. ಕೋಟೆ ಕಡೆಯ ಸರಗೂರಿನ ಆಸ್ಪತ್ರೆಗಳನ್ನ 2002ರ ಹೊತ್ತಿಗೇ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿತ್ತು.

ನಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರಕ್ಕೆ ಭ್ರೂಣಲಿಂಗ ಪತ್ತೆ ತಡೆಯೋ ಕಾನೂನಿನ ಕಟ್ಟುನಿಟ್ಟು ಇದೆ. ಇರಲೇಬೇಕು. ಆದ್ರೆ ಕಡಿಮೆ ಸಲಕರಣೆ, ದೂರದ ಸಲಹೆ, ಸ್ವಂತ ನಿರ್ಧಾರ, ಈ ಮೂರನ್ನ ಕಲಿಸೋಕೆ ಬಾಹ್ಯಾಕಾಶ ವೈದ್ಯಕೀಯಕ್ಕಿಂತ ಒಳ್ಳೇ ಪಾಠ ಯಾವುದಿದೆ? ಮಂಗಳಗ್ರಹ ದೂರದಲ್ಲಿದ್ದಾಗ ಇಲ್ಲಿಂದ ಒಂದು ಮಾತು ತಲುಪೋಕೆ 20 ನಿಮಿಷ ದಾಟುತ್ತೆ. ಅಲ್ಲಿರೋ ವೈದ್ಯರಿಗೆ ಫೋನ್ ಮಾಡಿ ಕೇಳೋ ಪುರಸೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ನೆಟ್‌ವರ್ಕ್ ಇಲ್ಲದ ಊರಲ್ಲಿ ಡ್ಯೂಟಿ ಮಾಡೋ ಡಾಕ್ಟರಿಗೂ ಇಲ್ಲ.

ಭಾಗ 7

ಈ ಭಾಗ ಅಮ್ಮನಿಗೆ ಓದಿ ಹೇಳ್ದೆ. "ಇದನ್ನ ಹಾಕು" ಅಂದ್ರು.

ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ಗಂಡಸರು. ಕಾರಣ ಇದೆ: ವಾಯುಪಡೆಯ ಟೆಸ್ಟ್ ಪೈಲಟ್‌ಗಳಿಂದ ಆರಿಸಿದ್ರು, ಆಗ ಅದರಲ್ಲಿ ಹೆಂಗಸರಿರಲಿಲ್ಲ. ಜನರಿಲ್ಲದ ಪರೀಕ್ಷಾ ಹಾರಾಟಕ್ಕೆ ಅಂತ 2020ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ ರೋಬಾಟ್ ಮಾತ್ರ ಹೆಣ್ಣುರೂಪದ್ದು, ವ್ಯೋಮಮಿತ್ರ.

ಆದ್ರೆ ಮೂಳೆ ಸವೆತದ ಹೊರೆ ಜಾಸ್ತಿ ಯಾರ ಮೇಲೆ? ಮುಟ್ಟು ನಿಂತ ಹೆಂಗಸರ ಮೇಲೆ. ಗಂಡಸರ ಅಳತೆ ತಗೊಂಡು, ರೋಬಾಟ್ ಹೆಣ್ಣನ್ನ ಕಳಿಸಿ, ಆಮೇಲೆ "ಇದರಿಂದ ಸಮಾಜಕ್ಕೆ ಉಪಯೋಗ" ಅಂದ್ರೆ ನಮ್ಮಜ್ಜಿ ಆ ಸಮಾಜದಲ್ಲಿ ಇದ್ದಾರಾ ಅಂತ ಕೇಳಬೇಕಾಗುತ್ತೆ. ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಯುರೋಪಿನಲ್ಲೂ ಬರೀ ಹೆಂಗಸರನ್ನೇ ಇಟ್ಕೊಂಡು, ನೀರಿನ ತೊಟ್ಟಿಯಲ್ಲಿ ತೇಲಿಸಿ ತೂಕರಹಿತ ಸ್ಥಿತಿ ಅಧ್ಯಯನ ಮಾಡಿದ್ದು 2021ರಲ್ಲಿ, ಟೂಲೂಸ್‌ನಲ್ಲಿ. ಅಲ್ಲೀವರೆಗೂ ಅಂಥ ಪ್ರಯೋಗಗಳಲ್ಲಿ ಹೆಚ್ಚಿನವರು ಗಂಡಸರೇ.

ಹೆಂಗಸರು ಆಕಾಶಕ್ಕೆ ಹೋಗೋಕೆ ಇನ್ನೂ ಕೆಲವು ವರ್ಷ ಆಗಬಹುದು. ಆದ್ರೆ ಮಂಚದ ಮೇಲೆ ಮಾಡೋ ಅಧ್ಯಯನಕ್ಕೆ ರಾಕೆಟ್ ಬೇಡ. ಅದನ್ನ ಸರ್ಕಾರಿ ಮೆಡಿಕಲ್ ಕಾಲೇಜುಗಳ ಮೂಳೆ ವಿಭಾಗ, ಸ್ತ್ರೀರೋಗ ವಿಭಾಗ, ಫಿಸಿಯೋಥೆರಪಿ ಸೇರಿ ಈಗಲೇ ಶುರು ಮಾಡಬಹುದು. ಆಪರೇಷನ್ ಆಗಿ ಮಲಗಿರೋ ಅಜ್ಜಿಯಂದಿರು ನಮ್ಮ ವಾರ್ಡುಗಳಲ್ಲಿ ಇದ್ದೇ ಇದ್ದಾರೆ. ಒಪ್ಪಿಗೆ ಕೇಳಿ, ಮರ್ಯಾದೆಯಿಂದ ಅಳತೆ ತಗೊಂಡ್ರೆ ಸಾಕು.

ಭಾಗ 8, ಕೊನೆಯದು

ಹಾಗಾದ್ರೆ ನಾನು ಕೇಳ್ತಿರೋದು ಏನು? ಹೊಸ ಕಟ್ಟಡ ಅಲ್ಲ, ಹೊಸ ವಿಶ್ವವಿದ್ಯಾಲಯ ಅಲ್ಲ. ಮೂರು ಸಣ್ಣ ಕೆಲಸ.

ಮೊದಲನೇದು, ಎಂಬಿಬಿಎಸ್‌ನ 2019ರ ಹೊಸ ಪಠ್ಯಕ್ರಮದಲ್ಲಿ ಎಲೆಕ್ಟಿವ್ ಅನ್ನೋದು ಬಂದಿದೆ. ವಿದ್ಯಾರ್ಥಿ ತನಗಿಷ್ಟದ ವಿಷಯವನ್ನ ಕೆಲವು ವಾರ ಕಲಿಯಬಹುದು. ಅದರಲ್ಲಿ ಬಾಹ್ಯಾಕಾಶ ವೈದ್ಯಕೀಯ ಒಂದು ಆಯ್ಕೆ ಆಗಲಿ. ವಿಮಾನಪುರದ ಮೇಷ್ಟ್ರು ಸೇನೆಯ ಗುಟ್ಟು ಹೇಳಬೇಕಿಲ್ಲ. ಮೂಳೆ, ಸ್ನಾಯು, ರಕ್ತಪರಿಚಲನೆ ಪಾಠ ಮಾಡ್ಲಿ. ಒಂದೇ ವಿಶ್ವವಿದ್ಯಾಲಯದ ಎರಡು ಕಾಲೇಜು, ಮಾತಾಡಿದ್ರೆ ತಪ್ಪೇನು?

ಎರಡನೇದು, ಈ ಸಂಶೋಧನೆಗೆ ಕೊಡೋ ಪ್ರತಿ ಅನುದಾನದ ಜೊತೆ ಒಂದು ಷರತ್ತು ಇರಲಿ: ನೆಲದ ಮೇಲಿನ ರೋಗಿಗೆ ಇದರಿಂದ ಏನು ಸಿಕ್ತು ಅಂತ ಒಂದು ಪುಟ ಬರೀಬೇಕು. ಕರ್ನಾಟಕದಲ್ಲಾದ್ರೆ ಕನ್ನಡದಲ್ಲಿ. ಏನೂ ಸಿಗಲಿಲ್ಲ ಅಂದ್ರೆ ಅದನ್ನೂ ಬರೀಲಿ. ಬೈ ಪ್ರಾಡಕ್ಟ್‌ಗೆ ಪ್ರತ್ಯೇಕ ಖಾತೆ ತೆರೆಯದಿದ್ರೆ ಅದು ಸ್ಕ್ರ್ಯಾಪ್ ಆಗಿ ಹೋಗುತ್ತೆ, ಇದು ನಮ್ಮ ಕಾಸ್ಟಿಂಗ್ ಮೇಡಂ ಹೇಳಿಕೊಟ್ಟದ್ದು.

ಮೂರನೇದು, ಈಗಲೇ ಶುರು ಮಾಡಲಿ. ಗಗನಯಾನ ಮೂರು ದಿನದ ಪ್ರಯಾಣ, ಅಷ್ಟಕ್ಕೆ ಮೂಳೆ ಸವೆಯಲ್ಲ. ಆದ್ರೆ ಭಾರತೀಯ ಅಂತರಿಕ್ಷ ನಿಲ್ದಾಣದ ಗುರಿ 2035. ಅಲ್ಲಿ ಜನ ತಿಂಗಳುಗಟ್ಟಲೆ ಇರಬೇಕಾಗುತ್ತೆ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು. ಒಟ್ಟು ಎಂಟೂವರೆ. ಅಂದ್ರೆ ಆ ನಿಲ್ದಾಣದ ವೈದ್ಯರು ಈಗ ನೀಟ್ ಬರೀತಿರೋ ನಮ್ಮ ತಮ್ಮ ತಂಗಿಯರು. ಅವರಿಗೆ ಇಂಥ ಒಂದು ವಿಷಯ ಇದೆ ಅಂತಲೇ ಗೊತ್ತಿಲ್ಲದಿದ್ರೆ?

ನನ್ನ ಗೆಳತಿಗೆ ಗೊತ್ತಿತ್ತು. ಕೇಳಿದ್ಳು. ನಕ್ಕರು. ಜ್ವರಕ್ಕೆ ಔಷಧಿ ಬರೆಯೋದು ಅವಳು ಕಲೀತಾಳೆ, ಅದರಲ್ಲಿ ಅನುಮಾನ ಬೇಡ. ಆದ್ರೆ ಅವತ್ತು ಆ ಮೇಷ್ಟ್ರು ನಗೋ ಬದಲು "ನಂಗೂ ಸರಿಯಾಗಿ ಗೊತ್ತಿಲ್ಲಮ್ಮ, ವಿಚಾರಿಸೋಣ" ಅಂದಿದ್ರೆ? ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಅಜ್ಜಿ ವಿಷಯ. ಆ ವಾಯ್ಸ್ ನೋಟ್ ಬಂದ ಮಾರನೇ ದಿನವೇ ಫಿಸಿಯೋಥೆರಪಿಸ್ಟ್‌ನ ಹುಡುಕಿದ್ವಿ. ಮೊದಲು ಮಂಚದ ಅಂಚಲ್ಲಿ ಕೂರೋದು, ಆಮೇಲೆ ನಿಲ್ಲೋದು, ಆಮೇಲೆ ನಾಲ್ಕು ಹೆಜ್ಜೆ. ನಾಲ್ಕು ತಿಂಗಳು ಹಿಡೀತು. ಈಗ ವಾಕರ್ ಹಿಡ್ಕೊಂಡು ಜಗಲಿವರೆಗೂ ಬರ್ತಾರೆ. ತೋಟಕ್ಕೆ ಹೋಗಲ್ಲ, ಇನ್ನು ಹೋಗೋದೂ ಇಲ್ಲ. ಆ ಆರು ವಾರದಲ್ಲಿ ಹೋಗಿದ್ದು ಪೂರ್ತಿ ವಾಪಸ್ ಬರಲಿಲ್ಲ.

ಶುಕ್ಲಾ ಅವರನ್ನ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದ ವಿಡಿಯೋ ಅಜ್ಜಿಗೆ ತೋರಿಸ್ದೆ. ಎರಡು ಸಲ ನೋಡಿದ್ರು. "ಪಾಪ, ಅವನಿಗಾದ್ರೂ ಹಿಡ್ಕೊಳ್ಳೋಕೆ ಗೊತ್ತಿರೋರು ಇದ್ರು" ಅಂದ್ರು.

ನಿಮ್ಮ ಮನೇಲಿ ಯಾರಾದ್ರೂ ಆಪರೇಷನ್ ಆಗಿ ಮಲಗಿದ್ರೆ, ಇವತ್ತೇ ಡಾಕ್ಟರನ್ನ ಕೇಳಿ: "ಯಾವತ್ತಿಂದ ಎಬ್ಬಿಸಬಹುದು?" ಅಂತ. ಮೆಡಿಕಲ್ ಓದ್ತಿರೋ ಫ್ರೆಂಡ್ಸ್ ಇದ್ರೆ ಅವರಿಗೆ ಈ ಸರಣಿ ಕಳಿಸಿ. ನಾನು ಹೇಳಿದ್ದರಲ್ಲಿ ತಪ್ಪಿದ್ರೆ ಕಾಮೆಂಟ್‌ನಲ್ಲಿ ತಿದ್ದಿ, ಪಿನ್ ಮಾಡ್ತೀನಿ.

#ಅಜ್ಜಿಯವಾಕರ್ #ಗಗನಯಾನ #ಬಾಹ್ಯಾಕಾಶವೈದ್ಯಕೀಯ #ಬಿಕಾಂಹುಡುಗನಲೆಕ್ಕ #ಕನ್ನಡದಲ್ಲೇಬರೀತೀನಿ